ಇಪ್ಪತ್ತೊಂದು ಹುಣಸೆ ಬೀಜದ ಬಸ್ಸು

ನಾಳೆ ಬೆಳಿಗ್ಗೆ ಇಂಡಿಗೆ ಹೊರಡಬೇಕು. ಸಿಂದಗಿಯಿಂದ ಇಂಡಿಗೆ ಹೋಗಲು ಇಷ್ಟೊಂದು ತಯಾರಿ ಯಾಕೆ ಎಂದು ನೀವು ಕೇಳಬಹುದು. ನಾನಿರುವುದೇ ಹಾಗೆ. ಎಂಟು ಗಂಟೆಯ ಬಸ್ಸಿಗೆ ಏಳಕ್ಕೇ ನಿಲ್ದಾಣದಲ್ಲಿರುವವಳು, ಹಿಂದಿನ ದಿನ ಮಧ್ಯಾಹ್ನವೇ ಚೀಲ ತುಂಬುವವಳು, ತುಂಬಿದ್ದನ್ನು ಮೂರು ಸಲ ತೆಗೆದು ನೋಡುವವಳು. ಇವತ್ತು ಮೂರನೆಯ ಸಲ ತೆಗೆಯುವಾಗ ಚೀಲದ ಹೊಲಿಗೆಯ ಸಂದಿಯಿಂದ ಒಂದು ಕೆಂಪು ಅಂಗಿ ಗುಂಡಿ ಕೈಗೆ ಬಂತು. ಎರಡು ತೂತಿನ, ಅಂಚು ಸವೆದ ಗುಂಡಿ. ಅದನ್ನು ಹಿಡಿದುಕೊಂಡು ಕೂತವಳು ಚಹಾ ಆರಿ ತಣ್ಣಗಾದದ್ದನ್ನೂ ಗಮನಿಸಲಿಲ್ಲ.

ಈ ಗುಂಡಿ ಒಂದು ಕಾಲಕ್ಕೆ ಬಸ್ಸಾಗಿತ್ತು. ನೀವು ನಗುವುದಾದರೆ ನಗಿ, ನನಗೆ ಬೇಸರವಿಲ್ಲ. ನಾಲ್ಕು ಊರಿನ ಹಿರಿಯರು ನೆಲದ ಮೇಲೆ ಚಕ್ಕಂಬಕ್ಕಳ ಹಾಕಿ ಕೂತು ಈ ಗುಂಡಿಗಾಗಿ ಮಧ್ಯಾಹ್ನವಿಡೀ ವಾದ ಮಾಡಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಏಳೆಂಟು ವರ್ಷದ ಹಿಂದಿನ ಮಾತು. ನಾನಾಗ ಬಸವನ ಬಾಗೇವಾಡಿಯಲ್ಲಿ ಮನೆ ಮಾಡಿಕೊಂಡು, ಹೂವಿನ ಹಿಪ್ಪರಗಿ ಕಡೆಯ ಒಂದು ಹಳ್ಳಿಯ ಹೈಸ್ಕೂಲಿಗೆ ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ. ಹಳ್ಳಿಯ ಹೆಸರು ಹೇಳುವುದಿಲ್ಲ. ಆ ಊರಿನವರು ಇವತ್ತಿಗೂ ಮದುವೆಗೆ ಕರೆಯುತ್ತಾರೆ, ಆ ಸಂಬಂಧ ಕೆಡಿಸಿಕೊಳ್ಳಲು ನನಗಿಷ್ಟವಿಲ್ಲ. ಸಮಾಜ ವಿಜ್ಞಾನ ಕಲಿಸುತ್ತಿದ್ದೆ. ನಮ್ಮ ಕಡೆ ಹೆಣ್ಣು ಶಿಕ್ಷಕರನ್ನು ಮಕ್ಕಳಿಂದ ಮುದುಕರವರೆಗೆ ಎಲ್ಲರೂ ಅಕ್ಕೋರು ಎನ್ನುತ್ತಾರೆ. ಅಕ್ಕೋರು ಎಂದರೆ ಸಾಕು, ಒಂದು ಮಾತು ಹೆಚ್ಚು ನಡೆಯುತ್ತದೆ. ಆ ಸಲಿಗೆಯನ್ನು ನಾನು ಧಾರಾಳವಾಗಿ ಬಳಸಿಕೊಂಡವಳು.

ಕಾಯುವುದೊಂದು ನನಗೆ ಬರುವುದಿಲ್ಲ. ಕೈಗಡಿಯಾರ ನೋಡುವುದು, ರಸ್ತೆಗಿಳಿದು ದೂರಕ್ಕೆ ಇಣುಕುವುದು, ಬಂದು ಕಟ್ಟೆಯ ಮೇಲೆ ಕೂರುವುದು, ಮತ್ತೆ ಎದ್ದು ಕಂಟ್ರೋಲರನ ಕಿಟಕಿಗೆ ಹೋಗಿ ಎಲ್ಲಿಗೆ ಬಂತು ಎಂದು ಕೇಳುವುದು. "ಬರ್ತೈತ್ರಿ ಅಕ್ಕೋರ, ಕುಂದರ್ರಿ" ಎಂದು ಆ ಪುಣ್ಯಾತ್ಮ ಎಷ್ಟು ವರ್ಷ ಹೇಳಿದನೋ. "ನಿನ್ನ ಕಾಲಿಗೆ ಚಕ್ರ ಕಟ್ಟ್ಯಾರ, ನಿನಗ ಬಸ್ಸ ಯಾಕ ಬೇಕು" ಎಂದು ನಮ್ಮ ಯಜಮಾನರು ಕಾಡುತ್ತಿದ್ದರು. ಬಸ್ಸು ಬಂದ ಮೇಲಾದರೂ ಸಮಾಧಾನವಿತ್ತೇ ಎಂದರೆ ಅದೂ ಇಲ್ಲ. ಕಿಟಕಿಯಿಂದ ಟವೆಲ್ ಒಗೆದು ಸೀಟು ಹಿಡಿದವರೊಡನೆ ಒಂದು ಜಗಳ, ಬಾಗಿಲಿಗೆ ಜೋತುಬಿದ್ದವರಿಗೆ ನಾಲ್ಕು ಬೈಗುಳ, ಊರು ಇನ್ನೂ ಎರಡು ಮೈಲಿ ಇರುವಾಗಲೇ ಎದ್ದು ನಿಂತುಬಿಡುವುದು. ತಡ ಮಾಡುವವರನ್ನು ಕಂಡರೆ ನನಗೆ ಮೈ ಉರಿಯುತ್ತಿತ್ತು. ಈ ಮಾತು ಬರೆಯುವಾಗ ನನಗೇ ಹೇಗೋ ಆಗುತ್ತದೆ, ಇರಲಿ.

ತಡ ಮಾಡುವವರಲ್ಲಿ ಮೊದಲಿಗರು ನನ್ನ ಹತ್ತನೆಯ ತರಗತಿಯ ಹುಡುಗಿಯರು. ಮಧ್ಯಾಹ್ನದ ಬಿಡುವಿನಲ್ಲಿ ವರಾಂಡದ ಕಲ್ಲಿನ ಮೇಲೆ ಸೀಮೆಸುಣ್ಣದ ಖಡುವಿನಿಂದ ಮನೆ ಗೀಚಿ ಚೌಕಾಬಾರ ಆಡುತ್ತ ಕೂತರೆ ಗಂಟೆ ಹೊಡೆದದ್ದೂ ಕೇಳುತ್ತಿರಲಿಲ್ಲ. ಅವರ ಹುಣಸೆ ಬೀಜಗಳನ್ನೆಲ್ಲ ಕಿತ್ತುಕೊಂಡು ನಾನೊಂದು ಡಬ್ಬಿ ತುಂಬಿಸಿದ್ದೆ. ಒಂದು ದಿನ ಸಾರಿಗೆಯ ಪಾಠ ಮಾಡುತ್ತಿದ್ದೇನೆ. ದೇಶದ ಅಭಿವೃದ್ಧಿಗೆ ಸಾರಿಗೆ ಎಷ್ಟು ಮುಖ್ಯ ಎಂದು ಬಾಯಿಪಾಠ ಒಪ್ಪಿಸುತ್ತಿದ್ದಾರೆ, ಅರ್ಧ ತರಗತಿ ಆಕಳಿಸುತ್ತಿದೆ. ನನಗೆ ರೇಗಿತು. ಪುಸ್ತಕ ಮುಚ್ಚಿ, ಡಬ್ಬಿ ತೆಗೆದು ಬೀಜಗಳನ್ನು ನೆಲದ ಮೇಲೆ ಸುರಿದೆ. "ಬಸ್ಸು ತಡಾ ಬರ್ತೈತಿ ಅಂತ ದಿನಾ ನನ್ನ ಮುಂದ ಅಳ್ತೀರಲ್ಲ, ನೀವ ಓಡಸ್ರಿ ನೋಡೂಣು" ಎಂದೆ.

ಹಾಗೆ ಹುಟ್ಟಿದ ಆಟ ಅದು. ಹಳೆಯ ಕ್ಯಾಲೆಂಡರಿನ ಬೆನ್ನಿಗೆ ರಟ್ಟು ಅಂಟಿಸಿ ನಮ್ಮ ರಸ್ತೆಯನ್ನೇ ಬರೆದೆವು. ಬಾಗೇವಾಡಿಯಿಂದ ಹೊರಟ ಬಸ್ಸಿಗೆ ಸಾಲಾಗಿ ನಾಲ್ಕು ಊರು, ಎರಡನೆಯದು ನಮ್ಮ ಶಾಲೆಯದು. ಮೊದಲ ಮೂರು ಊರಿಗೆ ರಸ್ತೆಯ ಮೇಲೆ ಒಂದು ಕ್ರಾಸು, ಅಲ್ಲಿಂದ ಒಂದು ಕಿಲೋಮೀಟರು ಒಳಗೆ ಅಗಸಿ, ಅಂದರೆ ಊರಬಾಗಿಲು. ನಾಲ್ಕನೆಯ ಊರು ರಸ್ತೆಯ ತುದಿಗೇ ಇತ್ತು. ಬಸ್ಸಿಗೆ, ಅಂದರೆ ಗುಂಡಿಗೆ, ಇಪ್ಪತ್ತೊಂದು ಬೀಜದ ಸಮಯ. ಒಂದು ಊರಿನಿಂದ ಮುಂದಿನದಕ್ಕೆ ಹೋಗಲು ಎರಡು ಬೀಜ. ಕ್ರಾಸಿನಲ್ಲಿ ನಿಲ್ಲದೆ ಅಗಸಿಯವರೆಗೆ ಒಳಗೆ ಹೋಗಿ ಬರಬೇಕಾದರೆ ಇನ್ನೂ ಮೂರು. ಬೀಜ ತೀರುವುದರೊಳಗೆ ತಿರುಗಿ ಬಾಗೇವಾಡಿ ಸೇರಬೇಕು. ಊರಿಗೊಬ್ಬಳಂತೆ ನಾಲ್ವರು ಆಡುವವರು. ಒಂದಾಟ ಮುಗಿದ ಮೇಲೆ ಎಲ್ಲರೂ ಒಂದು ಊರು ಜರುಗಿ ಕೂರಬೇಕು ಎಂಬ ನಿಯಮವನ್ನು ಹುಡುಗಿಯರೇ ಹಾಕಿದರು.

ಎಲ್ಲರೂ ಬಸ್ಸನ್ನು ತಮ್ಮ ಅಗಸಿಗೇ ಎಳೆದರು. ಮೂರು ಅಗಸಿ ಮುಟ್ಟಿ ತಿರುಗಿ ಬರುವಷ್ಟಕ್ಕೆ ಇಪ್ಪತ್ತೊಂದು ಬೀಜ ಸರಿಹೋಯಿತು. ನಾಲ್ಕನೆಯ ಊರಿಗೆ ಬಸ್ಸು ಹೋಗಲೇ ಇಲ್ಲ. ಮತ್ತೆ ಆಡಿದರು, ಮತ್ತೆ ಅದೇ. ಹುಡುಗಿಯರು ಬಿದ್ದು ಬಿದ್ದು ನಕ್ಕರು. ನಾಲ್ಕನೆಯ ಊರಿನಲ್ಲಿ ಕೂತ ಸಾವಿತ್ರಿ ಮಾತ್ರ ನಗಲಿಲ್ಲ. "ಆಟದಾಗೂ ನಮ್ಮೂರಿಗೆ ಬರಲಿಲ್ಲಲ್ರಿ ಅಕ್ಕೋರ" ಎಂದಳು.

ಅವಳು ನಿಜವಾಗಿಯೂ ಆ ತುದಿಯ ಊರಿನವಳು. ಹೈಸ್ಕೂಲಿಗೆ ಹೊಲದ ದಾರಿ ಹಿಡಿದು ಊರಿನ ಮಕ್ಕಳ ಜೊತೆ ನಡೆದು ಬರುತ್ತಿದ್ದಳು, ಬೆಳಕಿರುವಾಗಲೇ ಮನೆ ಸೇರುತ್ತಿದ್ದಳು. ಮುಂದಿನ ಚಿಂತೆ ಬೇರೆ. ಬಾಗೇವಾಡಿಯ ಕಾಲೇಜಿಗೆ ಹೋದರೆ ಸಂಜೆಯ ಬಸ್ಸೊಂದೇ ಗತಿ, ಅದು ಮೂರನೆಯ ಊರಿನಿಂದ ತಿರುಗಿಬಿಡುತ್ತಿತ್ತು. ಅಲ್ಲಿಂದ ಮುಸ್ಸಂಜೆಯಲ್ಲಿ ಒಬ್ಬಳೇ ಹಳ್ಳ ದಾಟಿ ತಾಸು ಹೊತ್ತು ನಡೆಯಬೇಕು. ಹಾಸಿಗೆ ಹಿಡಿದ ಅವ್ವನನ್ನು ಬಿಟ್ಟು ಹಾಸ್ಟೆಲ್ ಸೇರುವ ಹಾಗಿರಲಿಲ್ಲ. ಅವಳ ಅಪ್ಪ ಶಿವಪ್ಪ ಕುರಿ ಸಾಕಿಕೊಂಡಿದ್ದವನು. ವಿಜ್ಞಾನ ಓದಿಸು ಎಂದು ಹೇಳಲು ನಾನು ಮನೆಗೇ ಹೋಗಿದ್ದೆ. "ಕಲಸಂಗಿಲ್ಲ ಅಂತ ನಾ ಯಾವಾಗ ಅಂದೀನ್ರಿ? ಸಂಜಿ ಬಸ್ಸ ನಮ್ಮೂರ ತನಕ ಬರಲಿ, ಅವತ್ತ ಹೆಸರ ಹಚ್ಚಿ ಬರ್ತೇನಿ. ಇಲ್ಲಂದ್ರ ಮಳಿಗಾಲದಾಗ ಆ ಹಳ್ಳ ನನ್ನ ಮಗಳ್ನ ಯಾರು ದಾಟಸ್ತಾರ್ರಿ?" ಎಂದ. ಆ ಹಳ್ಳದಲ್ಲಿ ಕುರಿ ಕಳೆದುಕೊಂಡವನೊಡನೆ ನಾನೇನು ವಾದ ಮಾಡಲಿ? ಕೊಟ್ಟ ಚಹಾ ಕುಡಿದು ಎದ್ದು ಬಂದೆ.

ಪರೀಕ್ಷೆಯಾಯಿತು, ಫಲಿತಾಂಶವೂ ಬಂತು. ಗಣಿತದಲ್ಲಿ ಸಾವಿತ್ರಿಗೆ ಶಾಲೆಗೇ ಹೆಚ್ಚು ಅಂಕ. ನನ್ನ ಚಡಪಡಿಕೆ ಕೇಳಬೇಡಿ. ಕಾಲೇಜಿನ ಪ್ರವೇಶಕ್ಕೆ ಕೊನೆಯ ದಿನ ಯಾವತ್ತು ಎಂದು ವಿಚಾರಿಸಿದೆ, ಗೋಡೆಯ ಮೇಲೆ ಬರೆದಿಟ್ಟೆ, ಬರುವವರಿಗೆಲ್ಲ ತೋರಿಸಿದೆ. ಕೊನೆಗೆ ಒಂದು ಭಾನುವಾರ ನಾಲ್ಕೂ ಊರಿನವರನ್ನು ಶಾಲೆಗೆ ಕರೆಸಿ, ಹುಡುಗಿಯರ ಆಟವನ್ನೇ ಅವರ ಮುಂದೆ ಹರವಿದೆ. ಭಾಷಣ ಮಾಡಿದರೆ ಎದ್ದು ಹೋಗುತ್ತಾರೆ, ಚೌಕಾಬಾರದಂಥ ಮಣೆ ಕಂಡರೆ ಕೂತುಬಿಡುತ್ತಾರೆ ಎಂಬುದು ನನಗೆ ಗೊತ್ತಿತ್ತು.

ಅದೇ ರಸ್ತೆಯಲ್ಲಿ ಬಸ್ಸು ಓಡಿಸಿ ನಿವೃತ್ತರಾಗಿದ್ದ ಮೌಲಾಸಾಬ ಕಾಕಾ ಪಂಚರಾಗಿ ಕೂತರು. ಮಣೆಯನ್ನು ಒಂದು ಸುತ್ತು ನೋಡಿ, "ಎಲ್ಲಾ ಬರದೀರಿ ಅಕ್ಕೋರ, ಕುರಿ ಹಿಂಡು ಬಿಟ್ಟೀರಿ. ದಾರ್ಯಾಗ ಕುರಿ ಬಂದ್ರ ಒಂದು ಬೀಜ ತಗೀರಿ" ಎಂದರು. ಶಿವಪ್ಪ ತಲೆ ತಗ್ಗಿಸಿ ನಕ್ಕ. ಮೂರನೆಯ ಊರಿನ ಮಲ್ಲನಗೌಡರು ಮಾತ್ರ ಆಟ ಶುರುವಾಗುವ ಮೊದಲೇ ತಮ್ಮ ತೀರ್ಪು ಕೊಟ್ಟರು. "ಅಗಸಿಗೆ ಬಸ್ಸ ಬರದ ಊರಿಗೆ ಹೆಣ್ಣ ಯಾರು ಕೊಡ್ತಾರ್ರಿ? ನಮ್ಮ ಬಸ್ಸ ಕ್ರಾಸಿನ್ಯಾಗ ನಿಂದ್ರೂದಿಲ್ಲ, ಇದನ್ನ ಬರಕೋರಿ."

ಅವರದ್ದು ಬರೀ ಜಂಬ ಎಂದುಕೊಳ್ಳಬೇಡಿ. ನಮ್ಮ ಸೀಮೆಯಲ್ಲಿ ಸಂಬಂಧ ನೋಡಲು ಬಂದವರು ಹೊಲದ ಮಾತು ಆಮೇಲೆ ಕೇಳುತ್ತಾರೆ, ಬಸ್ಸು ಎಲ್ಲಿ ನಿಲ್ಲುತ್ತದೆ ಎಂದು ಮೊದಲು ಕೇಳುತ್ತಾರೆ. ಅಗಸಿಗೆ ಮೊದಲ ಸಲ ಬಸ್ಸು ಬಂದ ದಿನ ಅದಕ್ಕೆ ಮಾಲೆ ಹಾಕಿ, ಕಾಯಿ ಒಡೆದು, ಡ್ರೈವರನಿಗೆ ಶಾಲು ಹೊದಿಸುತ್ತಾರೆ. ನನ್ನ ಶಾಲೆಯ ಊರಿನಲ್ಲೂ ಹಾಗೆ ಮಾಡಿದ್ದರು. ಆ ಫೋಟೋದಲ್ಲಿ ಬಸ್ಸಿನ ಮುಂದೆ ಮಾಲೆ ಹಿಡಿದು ನಿಂತವಳು ನಾನೇ. ಬಿಸಿಲಲ್ಲಿ ಕ್ರಾಸಿನಿಂದ ನಡೆದು ನಡೆದು ಮೊಣಕಾಲು ನೋವು ತಂದುಕೊಂಡವಳು ಊರವರನ್ನು ಎಬ್ಬಿಸಿ, ಅರ್ಜಿ ಬರೆದು, ಸಹಿ ಹಾಕಿಸಿ, ಡಿಪೋಕ್ಕೆ ಅಲೆದು ಬಸ್ಸನ್ನು ಒಳಗೆ ತರಿಸಿದ್ದೆ. ಆಗ ಅದು ನನ್ನ ದೊಡ್ಡ ಪರಾಕ್ರಮವಾಗಿತ್ತು.

ಆಟ ನಡೆಯಿತು. ಹುಡುಗಿಯರಂತೆಯೇ ಹಿರಿಯರೂ ಮೂರು ಅಗಸಿ ಮುಟ್ಟಿ ಬೀಜ ಕಳೆದುಕೊಂಡರು. ಆಗ ಶಿವಪ್ಪ, ಯಾರನ್ನೂ ದೂರದೆ, ತನ್ನ ಪಾಡಿಗೆ ತಾನು ಹೇಳಿದ. "ಮೊದಲ ಸಂಜಿ ಬಸ್ಸ ನಮ್ಮೂರ ತನಕ ಬರ್ತಿತ್ರಿ. ಎಂಟು ವರ್ಷಾತು, ಒಮ್ಮಿಗೇ ನಿಂತಬಿಡ್ತು. ಯಾಕಂತ ಯಾರೂ ಹೇಳಲಿಲ್ಲ."

ಎಂಟು ವರ್ಷದ ಹಿಂದೆಯೇ ನಾನು ಮಾಲೆ ಹಿಡಿದು ನಿಂತಿದ್ದು. ನಮ್ಮ ಅಗಸಿಗೆ ಬಂದ ಮೇಲೆ ಆಚೀಚೆಯ ಎರಡು ಊರಿನವರೂ ಹಟ ಹಿಡಿದು ಒಳಗೆ ಕರೆಸಿಕೊಂಡರು. ಆ ಸಮಯವೆಲ್ಲ ಎಲ್ಲಿಂದ ಬಂತು ಎಂದು ನಾವ್ಯಾರೂ ಕೇಳಿರಲಿಲ್ಲ. ಆ ಫೋಟೋದ ಮಾತು ಎತ್ತದೆ ಎರಡನೆಯ ಆಟಕ್ಕೆ ಬೀಜ ಎಣಿಸತೊಡಗಿದೆ.

ಎರಡನೆಯ ಆಟಕ್ಕೆ ಎಲ್ಲರೂ ಒಂದು ಊರು ಜರುಗಿದರು. ಮಲ್ಲನಗೌಡರು ನಾಲ್ಕನೆಯ ಊರಿಗೆ ಬಂದು ಕೂತರು. ಬಸ್ಸು ಬರಲಿಲ್ಲ. ಇಲ್ಲೇ ಕೂತು ಇನ್ನೊಮ್ಮೆ ಆಡುತ್ತೇನೆ ಎಂದರು, ಆಗಲೂ ಬರಲಿಲ್ಲ. "ಇದರಾಗ ಏನೋ ಮೋಸ ಐತಿ" ಎಂದು ಬೀಜಗಳನ್ನು ತಾವೇ ಎಣಿಸಿದರು. ಇಪ್ಪತ್ತೊಂದೇ ಇದ್ದವು. ಗೌಡರು ಪೇಟ ತೆಗೆದು ತೊಡೆಯ ಮೇಲಿಟ್ಟುಕೊಂಡು, ಮಣೆಯನ್ನೇ ನೋಡುತ್ತ ಬಹಳ ಹೊತ್ತು ಕೂತರು. ಆಮೇಲೆ ಮೌಲಾಸಾಬ ಕಾಕಾರ ಕಡೆ ತಿರುಗಿ, "ನಾವು ಮೂರು ಮಂದಿ ಅಣತಮ್ಮರು ಒಂದ ಬಾವಿ ನೀರು ಪಾಳಿ ಹಚಗೊಂಡು ಹಾಯಸ್ತೀವಿ. ಬಸ್ಸಿಗೂ ಪಾಳಿ ಹಚ್ಚಿದ್ರ?" ಎಂದರು.

ದಿನಕ್ಕೊಂದು ಊರಿನ ಅಗಸಿ, ಮಿಕ್ಕ ಎರಡಕ್ಕೆ ಕ್ರಾಸು. ವಾರದ ಆರು ದಿನ, ಊರಿಗೆ ಎರಡೆರಡು. ಅಪ್ಪನ ಜೊತೆ ಬಂದಿದ್ದ ಸಾವಿತ್ರಿ ಬೀಜ ಹಿಡಿದು ಗುಂಡಿ ನಡೆಸಿದಳು. ಬಸ್ಸು ಒಂದು ಅಗಸಿಗೆ ಹೋಗಿ ಬಂದು, ತುದಿಯ ಊರು ಮುಟ್ಟಿ, ಬಾಗೇವಾಡಿಗೆ ತಿರುಗಿ ಬಂದರೂ ಅವಳ ಕೈಯಲ್ಲಿ ಎರಡು ಬೀಜ ಉಳಿದವು. "ಎರಡು ಕುರಿ ಹಿಂಡಿಗೆ" ಎಂದರು ಕಾಕಾ. ಇಡೀ ವರಾಂಡ ನಕ್ಕಿತು. ಹೆಣ್ಣು ನೋಡಲು ಬರುವವರನ್ನು ಪಾಳಿಯ ದಿನವೇ ಕರೆಸಿದರಾಯಿತು ಎಂದು ಗೌಡರು ಅದಕ್ಕೂ ದಾರಿ ಹೇಳಿದರು.

ಆಗ ನಾನೊಂದು ಮಾತಾಡಿದೆ. ಇವತ್ತಿಗೂ ಅದು ಕಿವಿಯಲ್ಲಿದೆ. "ಸಾಲಿ ಇರೋ ಊರಿಗೆ ದಿನಾ ಒಳಗ ಬರಲಿ, ಮಕ್ಕಳು ಅದಾವ" ಎಂದೆ.

ಮೌಲಾಸಾಬ ಕಾಕಾ ಮೆಲ್ಲಗೆ ಕೇಳಿದರು. "ಅಕ್ಕೋರ, ಆ ಬಸ್ಸ ತಿರುಗಿ ಬರೂದ್ರಾಗ ಸಾಲಿ ಬಿಟ್ಟು ತಾಸಿನ ಮ್ಯಾಲಾಗಿರತೈತಿ. ಅಗಸ್ಯಾಗ ಹತ್ತಾವರು ಯಾರ್ರಿ? ನೀವು, ನಿಮ್ಮ ಜೋಡಿ ಒಬ್ಬ ಮಾಸ್ತರು. ಇಷ್ಟೊತ್ತು ಆಟದಾಗ ನಿಮ್ಮ ಕಾಯಿ ಕಾಣಲಿಲ್ಲಲ್ರಿ."

ಎಲ್ಲರೂ ನಕ್ಕರು, ನಾನೂ ನಕ್ಕೆ. ನಿಯಮ ಬರೆದವಳು ನಾನು, ಮಣೆ ಗೀಚಿಸಿದವಳು ನಾನು, ಆಡಿಸಿದವಳು ನಾನು. ನನ್ನದೂ ಒಂದು ಕಾಯಿ ಆ ರಸ್ತೆಯ ಮೇಲಿದೆ ಎಂಬುದು ನನಗೆ ಹೊಳೆದೇ ಇರಲಿಲ್ಲ. ಆಗಲಿ, ನಾನೂ ಕ್ರಾಸಿಗೆ ನಡೆಯುತ್ತೇನೆ ಎಂದೆ. ಅಲ್ಲೇ ಠರಾವು ಬರೆದರು. ಗೌಡರು ಸಹಿ ಹಾಕಿದರು, ಶಿವಪ್ಪ ಹೆಬ್ಬೆಟ್ಟು ಒತ್ತಿದ. ಹೆಡ್ ಮಾಸ್ತರರು ರಜೆಯಲ್ಲಿದ್ದು ಶಾಲೆ ನನ್ನ ಪ್ರಭಾರದಲ್ಲಿತ್ತು. ಶಾಲೆಯ ಮುದ್ರೆ ಹಾಕಿ, ದಿನಾ ಬಾಗೇವಾಡಿಗೆ ಹೋಗುವ ನಾನೇ ಡಿಪೋಕ್ಕೆ ಮುಟ್ಟಿಸುವುದೆಂದು ತೀರ್ಮಾನವಾಯಿತು.

ಆ ಕಾಗದ ಹನ್ನೆರಡು ದಿನ ನನ್ನ ಮೇಜಿನ ಡ್ರಾವರಿನಲ್ಲಿತ್ತು.

ಯಾಕೆ ಎಂದು ನೀವು ಕೇಳುವ ಮೊದಲು ನಾನೇ ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಮೊದಲ ದಿನ ಅಕ್ಷರ ಚೆನ್ನಾಗಿಲ್ಲ, ಶುದ್ಧ ಪ್ರತಿ ಮಾಡೋಣ ಎಂದುಕೊಂಡೆ. ಎರಡನೆಯ ದಿನ ಮುದ್ರೆಯ ಶಾಯಿ ಒಣಗಿತ್ತು. ಮೂರನೆಯ ದಿನ ಡಿಪೋದ ಸಾಹೇಬರು ಸಿಗಲಿಕ್ಕಿಲ್ಲ ಎನಿಸಿತು, ಹೋಗಿ ನೋಡಲಿಲ್ಲ. ಮುಂದಿನ ದಿನಗಳಿಗೆ ನೆಪವೂ ಇಲ್ಲ. ಜೂನ್ ಬಂದರೂ ಮಳೆಯಿಲ್ಲದ ಬಿಸಿಲು, ಮೊಣಕಾಲು ನೋಯುತ್ತಿತ್ತು. ಪ್ರತಿ ಸಂಜೆ ಅಗಸಿಯ ನೆರಳಿನಲ್ಲಿ ಬಸ್ಸು ಹತ್ತುವಾಗ, ನಾಳೆ ಕೊಟ್ಟರಾಯಿತು, ಇನ್ನೊಂದು ದಿನ ಈ ಸುಖವಿರಲಿ ಎಂದುಕೊಂಡೆ. ನಾನು ತಂದ ಬಸ್ಸನ್ನು ನಾನೇ ಹೊರಗೆ ನಿಲ್ಲಿಸಿರಿ ಎಂದು ಕೊಡಬೇಕಲ್ಲ ಎಂಬ ಹೊಟ್ಟೆಯುರಿಯೂ ಇತ್ತು. ಗಡಿಯಾರ ನೋಡಿ ಊರಿಗೆಲ್ಲ ಅವಸರ ಮಾಡುತ್ತಿದ್ದವಳು ನಾನು.

ಹದಿಮೂರನೆಯ ದಿನ ಕೊಟ್ಟೆ. ಅರ್ಜಿ ತೆಗೆದುಕೊಂಡ ಗುಮಾಸ್ತ ಎರಡು ಸಲ ಓದಿ, "ಒಳಗ ಕಳಸ್ರಿ ಅಂತ ಬರ್ತಾರ. ಹೊರಗ ನಿಂದ್ರಸ್ರಿ ಅಂತ ಬಂದಾವರು ನೀವ ಮೊದಲು ನೋಡ್ರಿ" ಎಂದು ನಕ್ಕ. ಅಲ್ಲಿ ಯಾರೂ ತಡ ಮಾಡಲಿಲ್ಲ. ಪ್ರವೇಶದ ಕೊನೆಯ ದಿನ ಸಂಜೆಯವರೆಗೂ ಶಿವಪ್ಪ ಕಾದ, ಬಸ್ಸು ಬರಲಿಲ್ಲ. ಅದಾದ ಎಂಟು ದಿನಕ್ಕೆ ಸಂಜೆಯ ಬಸ್ಸು ಅವರ ಊರು ಮುಟ್ಟಿತು. ಹನ್ನೆರಡರಲ್ಲಿ ಎಂಟು ಕಳೆಯಲು ಗಣಿತದ ಮಾಸ್ತರು ಬೇಕಿಲ್ಲ.

ಮರುದಿನ ಸಾವಿತ್ರಿ ಶಾಲೆಗೆ ಬಂದಳು. ಬಸ್ಸಿಗೆ ಒಡೆದ ಕಾಯಿಯ ಹೋಳನ್ನು ಕಾಗದದಲ್ಲಿ ಸುತ್ತಿ ತಂದಿದ್ದಳು. "ಬಸ್ಸ ಬಂತ್ರಿ ಅಕ್ಕೋರ" ಎಂದು ನನ್ನ ಕೈಗಿಟ್ಟಳು. ಮುಂದಿನ ವರ್ಷ ಹೆಸರು ಹಚ್ಚುತ್ತಾರಂತೆ, ತಂಗಿಯೂ ಆಗ ಹತ್ತು ಪಾಸಾಗಿರುತ್ತಾಳೆ, ಇಬ್ಬರೂ ಕೂಡಿ ಹೋಗುತ್ತಾರಂತೆ. ಅವಳು ಅಳಲಿಲ್ಲ. ಕೊಬ್ಬರಿಯನ್ನು ನಾನು ನೀರು ಕುಡಿದು ನುಂಗಿದೆ.

ಹಾಗೆಯೇ ಆಯಿತು. ಅಕ್ಕ ತಂಗಿ ಒಂದೇ ತರಗತಿಯಲ್ಲಿ, ಒಂದೇ ಪುಸ್ತಕ ಹಂಚಿಕೊಂಡು ಓದಿದರು. ಸಾವಿತ್ರಿ ಈಗ ಮುದ್ದೇಬಿಹಾಳದಲ್ಲಿ ರಕ್ತ ಪರೀಕ್ಷೆ ಮಾಡುವ ಲ್ಯಾಬಿನಲ್ಲಿದ್ದಾಳೆ. ನನಗೆ ಸಿಂದಗಿಗೆ ವರ್ಗವಾಯಿತು. ನಮ್ಮ ಆಟ ಹೇಗೋ ಇಲಾಖೆಯವರ ಕಿವಿಗೆ ಬಿದ್ದು, ಶಿಕ್ಷಕರ ತರಬೇತಿ ಇದ್ದಲ್ಲೆಲ್ಲ ನನ್ನನ್ನು ಕರೆಯುತ್ತಾರೆ. ನಾನೂ ಹೋಗಿ ಗೌಡರ ಪೇಟ, ಕಾಕಾರ ಕುರಿ ಹಿಂಡು ಎಲ್ಲವನ್ನೂ ರಂಗುಕಟ್ಟಿ ಹೇಳುತ್ತೇನೆ. ಕೊನೆಗೆ ಬಸ್ಸು ಬಂತು ಎನ್ನುತ್ತೇನೆ. ಚಪ್ಪಾಳೆ ಬೀಳುತ್ತದೆ. ಕೆಳಗಿಳಿದು ಕೂತ ಮೇಲೆ ಒಂದು ಗಳಿಗೆ ಸುಮ್ಮನಿರಲಾಗುವುದಿಲ್ಲ. ಎದ್ದು ಹೊರಗೆ ಹೋಗಿ ಅಂಗಳದಲ್ಲಿ ತಿರುಗುತ್ತೇನೆ.

ಇವತ್ತು ಗುಂಡಿ ಕೆಳಗಿಟ್ಟು ಸಾವಿತ್ರಿಗೆ ಫೋನು ಮಾಡಿದೆ. ಕ್ಷೇಮ ಕೇಳಿದೆ, ಮದುವೆಯಾದ ತಂಗಿಯನ್ನು ವಿಚಾರಿಸಿದೆ, ನಾಳೆ ಇಂಡಿಯ ತರಬೇತಿಯಲ್ಲಿ ನಮ್ಮ ಆಟ ಹೇಳುವುದಿದೆ ಎಂದೆ, ಮಾತು ಎಲ್ಲೆಲ್ಲೋ ಸುತ್ತಿಸಿದೆ. "ಏನೋ ಹೇಳಾಕತ್ತೀರಿ, ಹೇಳ್ರಿ" ಎಂದು ಅವಳೇ ನಿಲ್ಲಿಸಿದಳು. ಹೇಳಿಬಿಟ್ಟೆ. ಠರಾವು ಡ್ರಾವರಿನಲ್ಲಿ ಹನ್ನೆರಡು ದಿನ ಇತ್ತು, ನಿನ್ನ ಒಂದು ವರ್ಷ ಹೋದದ್ದು ನನ್ನಿಂದ ಎಂದೆ.

"ಗೊತ್ತೈತ್ರಿ ಅಕ್ಕೋರ" ಎಂದಳು.

ಹೇಗೆ ಗೊತ್ತಾಯಿತೆಂದು ಅವಳೇ ಹೇಳಿದಳು. "ಮಾರ್ಕ್ಸ್ ಕಾರ್ಡ್ ಒಯ್ಯಾಕ ಬಂದಾಗ, ಡ್ರಾವರ್‌ದಾಗ ಪೆನ್ನೈತಿ, ತಗೊಂಡು ಸಹಿ ಮಾಡು ಅಂದ್ರಿ. ತಗದ್ನಿ. ಮ್ಯಾಲ ಅದ ಇತ್ತು. ನಮ್ಮಪ್ಪನ ಹೆಬ್ಬೆಟ್ಟು ನೋಡಿ ಗುರ್ತ ಹಿಡದ್ನಿ."

"ಮತ್ತ ಯಾಕ ಕೇಳಲಿಲ್ಲಬೇ ನೀ?"

"ಮರತೀರಿ ಅನ್ಕೊಂಡ್ನಿ. ಅಕ್ಕೋರಿಗೆ ನೆನಪ ಮಾಡಿದ್ರ ಏನ ಅನಕೋತಾರೋ ಅಂತ ಅಂಜಿ, ಪೆನ್ನ ತಗೊಂಡು ಮುಚ್ಚಿದ್ನಿ. ಆ ವರ್ಷ ಮನ್ಯಾಗ ಕುಂತಾಗೆಲ್ಲಾ, ಅವತ್ತೊಂದು ಮಾತು ಕೇಳಿದ್ರ ಆಗ್ತಿತ್ತು, ನಂದ ತಪ್ಪಾತು ಅಂತ ನನಗ ನಾನ ಬೈಕೊಂಡೀನ್ರಿ."

ನಾನು ಇಷ್ಟು ವರ್ಷ ಹೊತ್ತಿದ್ದೇನೆ ಎಂದುಕೊಂಡಿದ್ದ ತಪ್ಪನ್ನು ಆ ಹುಡುಗಿ ಹೊತ್ತಿದ್ದಳು. ನಿನ್ನ ತಪ್ಪಲ್ಲ ತಾಯಿ, ನಾನು ಮರೆತಿರಲಿಲ್ಲ, ದಿನಾ ಆ ಕಾಗದ ನೋಡಿ ಡ್ರಾವರ್ ಮುಚ್ಚುತ್ತಿದ್ದೆ ಎಂದು ಹೇಳಿದೆ. ಹೇಳುತ್ತ ಅತ್ತೆ. ಮರೆತಿರಲಿಲ್ಲ ಎಂಬುದು ಅವಳಿಗೆ ಗೊತ್ತಿರಲಿಲ್ಲ. ಹಿಂದಿನಿಂದ ಯಾರೋ ಅವಳನ್ನು ಕರೆಯುತ್ತಿದ್ದರು.

"ಮಂದಿ ನಿಂತಾರ್ರಿ, ಇಡ್ತೇನಿ" ಎಂದಳು. ಇಡಲಿಲ್ಲ. "ಅಕ್ಕೋರ, ನಾಳೆ ಇಂಡ್ಯಾಗ ಹೇಳೂದಿದ್ರ ಇದನ್ನೂ ಹೇಳ್ರಿ" ಎಂದು ಹೇಳಿ ಆಮೇಲೆ ಇಟ್ಟಳು.

ಹೇಳುತ್ತೇನೆ. ಬಸ್ಸು ಬಂತು ಎಂಬಲ್ಲಿಗೆ ನಾಳೆ ನಿಲ್ಲಿಸುವುದಿಲ್ಲ. ಯಾರೂ ಚಪ್ಪಾಳೆ ತಟ್ಟದಿದ್ದರೆ ಒಳ್ಳೆಯದು.